ಮೋಜಿನ ಮಾದಕವಸ್ತು ಮತ್ತು ವಿಶ್ವಸಂಸ್ಥೆ: ಮುಂದಿರುವ ನಾಲ್ಕು ದಾರಿಗಳಲ್ಲಿ ಯಾವುದು?

2020ರ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಒಂದು ಮತದಾನ ನಡೆಸಿತು. ಹೆರಾಯಿನ್ ಇರುವ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲೇ ಗಾಂಜಾವನ್ನೂ ಇಟ್ಟುಕೊಳ್ಳಬೇಕೆ ಎಂಬುದು ಪ್ರಶ್ನೆ. 53 ಸದಸ್ಯ ದೇಶಗಳಲ್ಲಿ 27 ದೇಶಗಳು ತೆಗೆಯೋಣ ಎಂದವು, 25 ಬೇಡ ಎಂದವು, ಒಂದು ದೇಶ ತಟಸ್ಥವಾಗಿ ಉಳಿಯಿತು. ಭಾರತ ತೆಗೆಯುವ ಪರವಾಗಿ ಮತ ಹಾಕಿತು. ಚೀನಾ, ರಷ್ಯಾ, ಪಾಕಿಸ್ತಾನ ವಿರೋಧಿಸಿದವು.

ಅಂದು ವಿಶ್ವಸಂಸ್ಥೆ ಗಾಂಜಾ ಸೇದಲು ಒಪ್ಪಿಗೆ ಕೊಟ್ಟಿತು ಎಂದು ನಂಬಿದವರು ಇಂದಿಗೂ ಇದ್ದಾರೆ. ಆಗಿದ್ದು ಅಷ್ಟಲ್ಲ. 1961ರ ಒಪ್ಪಂದದ ನಾಲ್ಕನೇ ಪಟ್ಟಿಯಿಂದ ಮಾತ್ರ ಗಾಂಜಾ ಹೊರಬಂತು. ಔಷಧವಾಗಿ ಉಪಯೋಗವೇ ಇಲ್ಲವೆಂಬಂತೆ ಕಾಣುತ್ತಿದ್ದ ಸ್ಥಾನದಿಂದ ಅದು ಇಳಿಯಿತು, ಸಂಶೋಧನೆಗೆ ದಾರಿ ಸ್ವಲ್ಪ ಸುಗಮವಾಯಿತು. ಅದೇ ಒಪ್ಪಂದದ ಮೊದಲ ಪಟ್ಟಿಯಲ್ಲಿ ಅದು ಇನ್ನೂ ಇದೆ. ಮೋಜಿನ ಬಳಕೆಗೆ ಅಂದೂ ಅನುಮತಿ ಇರಲಿಲ್ಲ, ಇಂದೂ ಇಲ್ಲ.

ಮೋಜಿಗಾಗಿ ಬಳಸುವ ಮಾದಕವಸ್ತುಗಳನ್ನು ಕಾನೂನುಬದ್ಧಗೊಳಿಸಿ ಎಂದು ವಿಶ್ವಸಂಸ್ಥೆ ಸದಸ್ಯ ದೇಶಗಳನ್ನು ಪ್ರೋತ್ಸಾಹಿಸಬೇಕೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ, ಅಣಕು ವಿಶ್ವಸಂಸ್ಥೆ ಅಧಿವೇಶನಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರು ‘ಹೌದು’ ಅಥವಾ ‘ಬೇಡ’ ಎಂದು ಎರಡು ಬಣವಾಗಿ ನಿಂತುಬಿಡುತ್ತಾರೆ. ನಿಜವಾಗಿ ನಮ್ಮ ಮುಂದೆ ಇರುವುದು ನಾಲ್ಕು ದಾರಿ. ಒಂದು, ಈಗಿರುವ ನಿಷೇಧವನ್ನು ಹಾಗೇ ಮುಂದುವರಿಸುವುದು. ಎರಡು, ಮಾರಾಟ ಅಪರಾಧವಾಗಿಯೇ ಇರಲಿ, ಆದರೆ ಸ್ವಂತಕ್ಕೆ ಬಳಸಿದವರನ್ನು ಜೈಲಿಗೆ ಹಾಕಬೇಡಿ ಎಂದು ಹೇಳುವುದು. ಮೂರು, ಆಯಾ ದೇಶದ ತೀರ್ಮಾನಕ್ಕೆ ಬಿಟ್ಟು ಒಪ್ಪಂದದಲ್ಲಿ ಅದಕ್ಕೆ ಜಾಗ ಮಾಡಿಕೊಡುವುದು. ನಾಲ್ಕು, ಬೆಳೆಯುವುದನ್ನೂ ಮಾರುವುದನ್ನೂ ಕಾನೂನುಬದ್ಧಗೊಳಿಸಿ ಎಂದು ಮುಂದೆ ನಿಂತು ಹುರಿದುಂಬಿಸುವುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯದನ್ನು ವಿಶ್ವಸಂಸ್ಥೆ ಗಟ್ಟಿಯಾಗಿ ಹೇಳಬೇಕು. ಮೂರನೆಯದಕ್ಕೆ, ಗಾಂಜಾದ ಮಟ್ಟಿಗೆ, ಬಾಗಿಲು ತೆರೆಯಬೇಕು. ನಾಲ್ಕನೆಯದು ಅದರ ಕೆಲಸವಲ್ಲ. ಅಂಗಡಿಯನ್ನು ಹತೋಟಿಯಲ್ಲಿಡುವ ಶಕ್ತಿ ಇಲ್ಲದ ದೇಶಕ್ಕೆ ಅಂಗಡಿ ತೆರೆ ಎಂದು ಸಲಹೆ ಕೊಡುವುದು ಅನ್ಯಾಯ.

ಒಪ್ಪಂದಗಳು ಏನು ಹೇಳುತ್ತವೆ

ಮಾದಕವಸ್ತುಗಳ ಬಗ್ಗೆ ಜಗತ್ತನ್ನು ಕಟ್ಟಿಹಾಕಿರುವುದು ಮೂರು ಒಪ್ಪಂದಗಳು. 1961ರದ್ದು ಅಫೀಮು, ಕೋಕಾ, ಗಾಂಜಾ ಮುಂತಾದವುಗಳಿಗೆ. 1971ರದ್ದು ಎಲ್‌ಎಸ್‌ಡಿಯಂಥ ಮನೋಪ್ರಭಾವಿ ವಸ್ತುಗಳಿಗೆ. 1988ರದ್ದು ಕಳ್ಳಸಾಗಣೆಗೆ. ಈ ವಸ್ತುಗಳ ಬಳಕೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಮಾತ್ರ ಸೀಮಿತವಾಗಿರಬೇಕು ಎಂಬುದು ಇವುಗಳ ತಿರುಳು. ಹಾಗಾಗಿ ನಾಲ್ಕನೇ ದಾರಿ ಹಿಡಿಯಬೇಕಾದರೆ ವಿಶ್ವಸಂಸ್ಥೆ ತನ್ನದೇ ಆಶ್ರಯದಲ್ಲಿ ಆದ ಒಪ್ಪಂದವನ್ನು ಮುರಿಯಿರಿ ಎಂದು ಹೇಳಿದಂತಾಗುತ್ತದೆ. ಚರ್ಚೆಯಲ್ಲಿ ‘ಹೌದು’ ಎನ್ನುವವರು ಈ ಮಾತಿಗೆ ಉತ್ತರ ಸಿದ್ಧ ಮಾಡಿಕೊಂಡೇ ವೇದಿಕೆ ಹತ್ತಬೇಕು.

ಎರಡನೇ ದಾರಿಗೆ ಈ ತೊಡಕಿಲ್ಲ. ಬಳಕೆದಾರನಿಗೆ ಶಿಕ್ಷೆಯ ಬದಲು ಚಿಕಿತ್ಸೆ ಕೊಡಲು 1988ರ ಒಪ್ಪಂದದಲ್ಲೇ ಅವಕಾಶ ಇದೆ. 2018ರಲ್ಲಿ ವಿಶ್ವಸಂಸ್ಥೆಯ ಎಲ್ಲ ಅಂಗಸಂಸ್ಥೆಗಳ ಮುಖ್ಯಸ್ಥರು ಸೇರಿ ಒಂದು ಸಾಮಾನ್ಯ ನಿಲುವು ತಳೆದರು. ಸ್ವಂತ ಬಳಕೆಗೆ ಇಟ್ಟುಕೊಂಡಿದ್ದನ್ನು ಅಪರಾಧದ ಪಟ್ಟಿಯಿಂದ ಹೊರಗಿಡುವುದನ್ನು ಉತ್ತೇಜಿಸಬೇಕು ಎಂಬುದೂ ಅದರಲ್ಲಿ ಸೇರಿತ್ತು. ಅಂದರೆ ವಿಶ್ವಸಂಸ್ಥೆ ಈ ಮಾತನ್ನು ಆಗಲೇ ಆಡಿದೆ. ಆದರೆ ಮೆಲುದನಿಯಲ್ಲಿ. ವಿಯೆನ್ನಾದ ಆಯೋಗದಲ್ಲಿ ಕೂರುವ ದೇಶಗಳ ದನಿಯೇ ಇಂದಿಗೂ ಮೇಲುಗೈ.

ಮೂರನೆಯದಕ್ಕೆ ಒಂದು ಒಳ್ಳೆಯ ಉದಾಹರಣೆ ಬೊಲಿವಿಯಾ. ಆಂಡೀಸ್ ಬೆಟ್ಟಗಳ ಜನರಿಗೆ ಕೊಕೇನ್‌ಗೆ ಮೂಲವಾದ ಕೋಕಾ ಎಲೆ ಜಗಿಯುವುದು ತಲೆತಲಾಂತರದ ರೂಢಿ. 1961ರ ಒಪ್ಪಂದ ಅದನ್ನೂ ನಿಲ್ಲಿಸಬೇಕೆಂದಿತ್ತು. 2011ರಲ್ಲಿ ಬೊಲಿವಿಯಾ ಒಪ್ಪಂದದಿಂದ ಹೊರನಡೆಯುವುದಾಗಿ ತಿಳಿಸಿತು. 2013ರಲ್ಲಿ, ಎಲೆ ಜಗಿಯುವ ಹಕ್ಕನ್ನು ಉಳಿಸಿಕೊಳ್ಳುವ ಷರತ್ತಿನೊಂದಿಗೆ ಮರಳಿ ಸೇರಿತು. ಕೆಲವು ದೇಶಗಳು ಆಕ್ಷೇಪಿಸಿದವು, ಆದರೆ ತಡೆಯಲು ಬೇಕಾದಷ್ಟು ಆಕ್ಷೇಪ ಬರಲಿಲ್ಲ. ಕೆನಡಾ ಹೀಗೆ ಮಾಡಲಿಲ್ಲ. 2018ರಿಂದ ಅದು ಒಪ್ಪಂದದ ಒಳಗೇ ಇದ್ದುಕೊಂಡು ಗಾಂಜಾ ಮಾರುತ್ತಿದೆ. ಬಲವಿರುವ ದೇಶ ಒಪ್ಪಂದವನ್ನು ಪಕ್ಕಕ್ಕಿಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಬಡ ದೇಶ ಅದೇ ಕೆಲಸ ಮಾಡಿದರೆ ನೆರವು ನಿಲ್ಲುವ, ಬ್ಯಾಂಕು ಬಾಗಿಲು ಹಾಕುವ ಭಯ. ಇಂಥ ಬದಲಾವಣೆಗೆ ಒಪ್ಪಂದದೊಳಗೇ ದಾರಿ ಇರಬೇಕೆಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು.

ನಿಷೇಧದ ಲೆಕ್ಕ

1998ರಲ್ಲಿ ವಿಶ್ವಸಂಸ್ಥೆಯ ವಿಶೇಷ ಅಧಿವೇಶನ ಮಾದಕವಸ್ತು ಮುಕ್ತ ಜಗತ್ತನ್ನು ಕಟ್ಟುವ ಮಾತಾಡಿತ್ತು. ಅದೇ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಮದ್ಯ, ತಂಬಾಕು ಬಿಟ್ಟು ಬೇರೆ ಮಾದಕವಸ್ತು ಬಳಸಿದವರು ಸುಮಾರು 31.6 ಕೋಟಿ ಜನ. ಅವರಲ್ಲಿ 24.4 ಕೋಟಿ ಜನ ಗಾಂಜಾ ಬಳಸಿದವರು. ನಿಷೇಧ ಇಲ್ಲದಿದ್ದರೆ ಈ ಸಂಖ್ಯೆ ಇನ್ನೂ ಹೆಚ್ಚಾಗುತ್ತಿತ್ತು ಎಂದು ನಿಷೇಧದ ಪರ ವಾದಿಗಳು ಹೇಳುತ್ತಾರೆ. ಆ ವಾದವನ್ನು ತಳ್ಳಿಹಾಕಲಾಗದು. ಕಾನೂನುಬದ್ಧವಾದ ಮದ್ಯ ಎಷ್ಟು ಕಡೆ ಸಿಗುತ್ತದೆ, ಎಷ್ಟು ಜನ ಕುಡಿಯುತ್ತಾರೆ ಎಂಬುದು ಎಲ್ಲರ ಕಣ್ಣ ಮುಂದಿದೆ.

ಆದರೆ ನಿಷೇಧದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸಿಂಗಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಅಥವಾ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದವನಿಗೆ ಗಲ್ಲು ಕಾದಿದೆ. ಫಿಲಿಪೀನ್ಸ್‌ನಲ್ಲಿ 2016ರಿಂದ ಆಗಿನ ಅಧ್ಯಕ್ಷ ರೊಡ್ರಿಗೊ ಡುಟೆರ್ಟೆ ನಡೆಸಿದ ‘ಮಾದಕವಸ್ತು ಸಮರ’ದಲ್ಲಿ ಸಾವಿರಾರು ಜನ ವಿಚಾರಣೆಯೇ ಇಲ್ಲದೆ ಹತರಾದರು. ಸತ್ತವರಲ್ಲಿ ಬಹುಪಾಲು ಬಡ ಕೇರಿಗಳವರು. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ವಾರಂಟ್ ಮೇಲೆ 2025ರ ಮಾರ್ಚ್‌ನಲ್ಲಿ ಡುಟೆರ್ಟೆ ಬಂಧನವಾಯಿತು. ಒಪ್ಪಂದಗಳು ಇಂಥ ಕೊಲೆಗಳನ್ನು ಕೇಳಿರಲಿಲ್ಲ, ನಿಜ. ಆದರೂ ಬಳಕೆದಾರನನ್ನು ಶತ್ರುವೆಂದು ಕಾಣುವ ಭಾಷೆ ಎಲ್ಲಿಂದ ಬೆಳೆಯಿತು ಎಂದು ವಿಶ್ವಸಂಸ್ಥೆ ತನ್ನನ್ನೇ ಕೇಳಿಕೊಳ್ಳಬೇಕು.

ಇನ್ನೊಂದು ಬೆಲೆ ಸದ್ದಿಲ್ಲದೆ ತೆತ್ತಿದ್ದು. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಭಾರತದ ಆಸ್ಪತ್ರೆಗಳಲ್ಲಿ, ಅಫೀಮಿನಿಂದ ತೆಗೆಯುವ ನೋವುನಿವಾರಕ ಮಾರ್ಫಿನ್‌ನ ಬಳಕೆ ಕುಸಿದುಹೋಯಿತು. ಕಾಯ್ದೆ ಮಾರ್ಫಿನ್ ಕೊಡಬೇಡಿ ಎಂದಿರಲಿಲ್ಲ. ಪರವಾನಗಿಗಳ ಸರಮಾಲೆ ಮತ್ತು ಜೈಲಿನ ಭಯಕ್ಕೆ ಔಷಧ ಅಂಗಡಿ, ಆಸ್ಪತ್ರೆಗಳು ಅದನ್ನು ಇಡುವುದನ್ನೇ ನಿಲ್ಲಿಸಿದವು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ನರಳಿ ಸತ್ತರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮ ಸಡಿಲವಾದರೂ ಆ ಭಯ ಪೂರ್ತಿ ಹೋಗಿಲ್ಲ. ನಿಷೇಧದ ಪರ ಮಾತಾಡುವವರು ಈ ರೋಗಿಗಳನ್ನು ಮರೆಯಬಾರದು.

ಪೋರ್ಚುಗಲ್ ಒಂದು ಕಡೆ, ಒರೆಗಾನ್ ಇನ್ನೊಂದು ಕಡೆ

ಎರಡನೇ ದಾರಿಯ ಮಾತು ಬಂದರೆ ಪೋರ್ಚುಗಲ್ ಹೆಸರು ಬಂದೇ ಬರುತ್ತದೆ. 1990ರ ದಶಕದಲ್ಲಿ ಆ ಪುಟ್ಟ ದೇಶವನ್ನು ಹೆರಾಯಿನ್ ನುಂಗುತ್ತಿತ್ತು. ನೂರಕ್ಕೆ ಒಬ್ಬರಂತೆ ಅದಕ್ಕೆ ಸಿಕ್ಕಿಬಿದ್ದಿದ್ದರು ಎಂಬ ಅಂದಾಜಿತ್ತು. 2001ರ ಜುಲೈ 1ರಿಂದ ಅಲ್ಲಿ ಹೊಸ ಕಾನೂನು ಜಾರಿಗೆ ಬಂತು. ಹತ್ತು ದಿನದ ಸ್ವಂತ ಬಳಕೆಗೆ ಸಾಲುವಷ್ಟು ಇಟ್ಟುಕೊಂಡರೆ ಅದು ಅಪರಾಧವಲ್ಲ. ಗಾಂಜಾ ಆದರೆ 25 ಗ್ರಾಂ, ಹೆರಾಯಿನ್ ಆದರೆ 1 ಗ್ರಾಂ. ಸಿಕ್ಕಿಬಿದ್ದವನು ನ್ಯಾಯಾಲಯಕ್ಕೆ ಹೋಗುವುದಿಲ್ಲ, ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರ ಒಂದು ಸಣ್ಣ ಸಮಿತಿಯ ಮುಂದೆ ಹೋಗುತ್ತಾನೆ. ಅವರು ಕೂರಿಸಿ ಮಾತಾಡಿಸುತ್ತಾರೆ, ಬೇಕಾದರೆ ಚಿಕಿತ್ಸೆಗೆ ಕಳಿಸುತ್ತಾರೆ. ಮಾರುವವನಿಗೆ ಮಾತ್ರ ಜೈಲು ಇದ್ದೇ ಇದೆ. ನಂತರದ ವರ್ಷಗಳಲ್ಲಿ ಸೂಜಿ ಹಂಚಿಕೊಂಡು ಎಚ್‌ಐವಿ ತಗುಲಿಸಿಕೊಳ್ಳುವವರ ಸಂಖ್ಯೆ ಪಾತಾಳಕ್ಕಿಳಿಯಿತು, ಅತಿಸೇವನೆಯ ಸಾವು ಕಡಿಮೆಯಾಯಿತು, ಜೈಲುಗಳು ಹಗುರವಾದವು.

ಇದನ್ನು ಹೇಳಿ ನಿಲ್ಲಿಸುವವರು ಅರ್ಧ ಕಥೆ ಹೇಳಿದಂತೆ. ಅಮೆರಿಕದ ಒರೆಗಾನ್ ರಾಜ್ಯ 2020ರ ನವೆಂಬರ್‌ನಲ್ಲಿ ಜನಮತದ ಮೂಲಕ ಇದೇ ದಾರಿ ಹಿಡಿಯಿತು. 2021ರ ಫೆಬ್ರುವರಿಯಿಂದ, ಸ್ವಂತ ಬಳಕೆಗೆ ಹೆರಾಯಿನ್ ಇಟ್ಟುಕೊಂಡು ಸಿಕ್ಕವನಿಗೆ 100 ಡಾಲರ್ ದಂಡದ ಚೀಟಿ. ಸಹಾಯವಾಣಿಗೆ ಕರೆ ಮಾಡಿದರೆ ಅದೂ ಮಾಫಿ. ಕರೆ ಮಾಡಿದವರು ವಿರಳ. ಚಿಕಿತ್ಸೆಗೆಂದು ಮೀಸಲಿಟ್ಟ ಹಣ ಕೇಂದ್ರಗಳಿಗೆ ತಲುಪುವುದು ತಡವಾಯಿತು. ಅದೇ ಹೊತ್ತಿಗೆ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಫೆಂಟನಿಲ್ ಬೀದಿಗೆ ನುಗ್ಗಿತು. ಪೋರ್ಟ್‌ಲ್ಯಾಂಡ್ ನಗರದ ಫುಟ್‌ಪಾತುಗಳಲ್ಲಿ ಎಲ್ಲರೆದುರೇ ಸೇವನೆ ಕಂಡು ಜನ ಬೇಸತ್ತರು. 2024ರ ಸೆಪ್ಟೆಂಬರ್ 1ರಿಂದ ಒರೆಗಾನ್ ಮತ್ತೆ ಅದನ್ನು ಅಪರಾಧ ಮಾಡಿತು.

ಎರಡೂ ಕಡೆ ಜೈಲಿನ ಬಾಗಿಲು ಮುಚ್ಚಿತು. ಪೋರ್ಚುಗಲ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು, ಆಸ್ಪತ್ರೆಯದು, ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರೂ ಇದ್ದರು. ಒರೆಗಾನ್‌ನಲ್ಲಿ ಕೈಗೊಂದು ಚೀಟಿ ಕೊಟ್ಟು ಬಿಟ್ಟರು. ಸರ್ಕಾರ ಹಣ ಕಡಿತ ಮಾಡಿದ ಮೇಲೆ ಪೋರ್ಚುಗಲ್‌ನಲ್ಲೂ ಪೋರ್ಟೊದಂಥ ನಗರಗಳಲ್ಲಿ ಬೀದಿಬದಿಯ ಸೇವನೆಯ ಬಗ್ಗೆ ದೂರು ಶುರುವಾಯಿತು. ಎರಡನೇ ದಾರಿಯ ಪರ ವಾದಿಸುವವರು ‘ಶಿಕ್ಷೆ ತೆಗೆಯಿರಿ’ ಎನ್ನುವ ಉಸಿರಿನಲ್ಲೇ ‘ಚಿಕಿತ್ಸೆಗೆ ಹಣ ಇಡಿ’ ಎನ್ನದಿದ್ದರೆ ಎದುರಾಳಿಗೆ ಒರೆಗಾನ್ ಒಂದೇ ಸಾಕು.

ಕಾನೂನುಬದ್ಧ ಎಂದರೆ ಯಾವ ಕಾನೂನು?

ಮೂರನೇ, ನಾಲ್ಕನೇ ದಾರಿಗಳನ್ನು ತೂಗುವಾಗ ಎಲ್ಲ ದೇಶಗಳನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಉರುಗ್ವೆ 2013ರ ಡಿಸೆಂಬರ್‌ನಲ್ಲಿ ಜಗತ್ತಿಗೇ ಮೊದಲಾಗಿ ಗಾಂಜಾವನ್ನು ದೇಶದುದ್ದಕ್ಕೂ ಕಾನೂನುಬದ್ಧಗೊಳಿಸಿತು. ಆಗ ಹೊಸೆ ಮುಹಿಕಾ ಅಧ್ಯಕ್ಷರಾಗಿದ್ದರು. ಅಲ್ಲಿ ಮೂರು ಮಾರ್ಗ: ಮನೆಯಲ್ಲಿ ಆರು ಗಿಡ ಬೆಳೆಸಿಕೊಳ್ಳಬಹುದು, 15ರಿಂದ 45 ಜನರ ಕ್ಲಬ್ ಸೇರಬಹುದು, ಇಲ್ಲವೇ ಔಷಧ ಅಂಗಡಿಯಲ್ಲಿ ತಿಂಗಳಿಗೆ 40 ಗ್ರಾಂವರೆಗೆ ಕೊಳ್ಳಬಹುದು. ಹೆಸರು ನೋಂದಾಯಿಸಲೇಬೇಕು, ಜಾಹೀರಾತು ಕೂಡದು. ಔಷಧ ಅಂಗಡಿಯಲ್ಲಿ ಮಾರಾಟ ಶುರುವಾಗಿದ್ದು 2017ರಲ್ಲಿ. ಶುರುವಾದ ಮೇಲೂ ಅಮೆರಿಕದ ಬ್ಯಾಂಕುಗಳ ನಿಯಮಕ್ಕೆ ಹೆದರಿ ಸ್ಥಳೀಯ ಬ್ಯಾಂಕುಗಳು ಅಂಗಡಿಗಳ ಖಾತೆ ಮುಚ್ಚಲು ಹೊರಟವು.

ಜರ್ಮನಿಯೂ ಅಂಗಡಿ ಬೇಡವೆಂದಿತು. 2024ರ ಏಪ್ರಿಲ್ 1ರಿಂದ ವಯಸ್ಕರು ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ ಇಟ್ಟುಕೊಳ್ಳಬಹುದು, ಮೂರು ಗಿಡ ಬೆಳೆಸಬಹುದು. ಜುಲೈಯಿಂದ ಲಾಭವಿಲ್ಲದ ಕ್ಲಬ್‌ಗಳಿಗೆ ಅವಕಾಶ ಸಿಕ್ಕಿತು. ನೆದರ್‌ಲ್ಯಾಂಡ್ಸ್‌ನದು ಇನ್ನೊಂದು ಬಗೆ. 1970ರ ದಶಕದಿಂದ ಅಲ್ಲಿನ ಕಾಫಿಶಾಪ್‌ಗಳು ಗಾಂಜಾ ಮಾರುವುದನ್ನು (ಈಗ ಒಬ್ಬರಿಗೆ 5 ಗ್ರಾಂವರೆಗೆ) ಸರ್ಕಾರ ಕಂಡೂ ಕಾಣದಂತಿದೆ. ಮುಂಬಾಗಿಲಲ್ಲಿ ಮಾರುವುದಕ್ಕೆ ಅಡ್ಡಿಯಿಲ್ಲ, ಹಿಂಬಾಗಿಲಿಂದ ಸರಕು ತರಿಸುವುದು ಮಾತ್ರ ಅಪರಾಧ! ಅರ್ಧ ಶತಮಾನ ಆ ಹಿಂಬಾಗಿಲಲ್ಲಿ ಕೊಬ್ಬಿದ್ದು ಕಳ್ಳದಂಧೆ. ಈಗ ಹತ್ತು ಪೌರಾಡಳಿತಗಳಲ್ಲಿ ಕಾನೂನುಬದ್ಧವಾಗಿ ಬೆಳೆದದ್ದನ್ನೇ ಮಾರುವ ಪ್ರಯೋಗ ನಡೆದಿದೆ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಅಂಗಡಿ ಮಾರಾಟ ಶುರುವಾಯಿತು. ಪೊಟ್ಟಣ ಸಾದಾ ಇರಬೇಕು, ಜಾಹೀರಾತಿಗೆ ಕಡಿವಾಣ. ಹಲವು ವರ್ಷಗಳಲ್ಲಿ ಕೊಳ್ಳುವವರು ಹೆಚ್ಚಾಗಿ ಕಾನೂನಿನ ಅಂಗಡಿಗೇ ಬಂದರು. ಇದು ಸಣ್ಣ ಗೆಲುವಲ್ಲ. ಆದರೆ ಮಿಠಾಯಿ ರೂಪದ ಗಾಂಜಾ ಮಾರಾಟಕ್ಕೆ ಬಂದ ಪ್ರಾಂತ್ಯಗಳಲ್ಲಿ ಅದನ್ನು ತಿಳಿಯದೆ ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಪ್ರಮಾಣ ಏರಿತು. ಅಂಥ ಮಿಠಾಯಿಗೆ ಅವಕಾಶ ಕೊಡದ ಕ್ವಿಬೆಕ್‌ನಲ್ಲಿ ಅಷ್ಟು ಏರಲಿಲ್ಲ. ಒಂದೇ ದೇಶ, ಒಂದೇ ಕೇಂದ್ರ ಕಾನೂನು. ಮಿಠಾಯಿ ಬೇಡ ಎಂಬ ಒಂದು ನಿಯಮ ಎಷ್ಟೋ ಮಕ್ಕಳನ್ನು ಕಾಪಾಡಿತು. ಕೊಲೊರಾಡೊದಂಥ ಅಮೆರಿಕದ ರಾಜ್ಯಗಳಲ್ಲಿ ಲಾಭಕ್ಕೆ ನಿಂತ ಕಂಪನಿಗಳು ಅಮಲೇರಿಸುವ ಅಂಶ ಶೇ. 60 ದಾಟಿದ ಸಾಂದ್ರ ಸರಕನ್ನು ಮಾರುಕಟ್ಟೆಗೆ ತಂದವು. ಅಜ್ಜಂದಿರ ಕಾಲದ ಚಿಲುಮೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನನ್ನ ನಿಲುವನ್ನು ಗಟ್ಟಿ ಮಾಡಿದ್ದು ಥಾಯ್ಲೆಂಡ್. 2022ರ ಜೂನ್‌ನಲ್ಲಿ ಆ ದೇಶ ಏಷ್ಯಾದಲ್ಲೇ ಮೊದಲಾಗಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಮಾರಾಟವನ್ನು ಹತೋಟಿಯಲ್ಲಿಡುವ ಸಮಗ್ರ ಕಾನೂನು ಬರುವ ಮೊದಲೇ ಬ್ಯಾಂಕಾಕ್‌ನ ಬೀದಿಗಳಲ್ಲಿ ಸಾವಿರಾರು ಅಂಗಡಿ ಎದ್ದವು. ಸಂಸತ್ತಿನಲ್ಲಿ ಆ ಕಾನೂನು ಪಕ್ಷಗಳ ಜಗಳದಲ್ಲಿ ಸಿಕ್ಕಿಕೊಂಡಿತು. 2025ರ ಜೂನ್‌ನಲ್ಲಿ ಸರ್ಕಾರ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಸಾಲ ಮಾಡಿ ಬೆಳೆದ ರೈತರು, ಅಂಗಡಿ ಇಟ್ಟವರು ನಡುನೀರಿನಲ್ಲಿ ಉಳಿದರು. ವಿಶ್ವಸಂಸ್ಥೆ ‘ಕಾನೂನುಬದ್ಧಗೊಳಿಸಿ’ ಎಂದು ಕರೆಕೊಟ್ಟರೆ ಆ ಕರೆ ಕೇಳಿ ಓಡುವ ಎಲ್ಲ ದೇಶಗಳಲ್ಲೂ ಕೆನಡಾದ ಆಡಳಿತ ಇರುವುದಿಲ್ಲ. ಹಲವಕ್ಕೆ ಥಾಯ್ಲೆಂಡ್‌ನಷ್ಟು ಆಡಳಿತವೂ ಇರುವುದಿಲ್ಲ. ಕಂಪನಿಗಳು ಮಾತ್ರ ಎಲ್ಲ ಕಡೆಗೂ ತಲುಪುತ್ತವೆ.

ಮದ್ಯದ ವಾದ

ಎರಡೂ ಬಣದವರು ಬಳಸುವ ಒಂದು ಅಸ್ತ್ರ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ, ಇತರ ಮಾದಕವಸ್ತುಗಳಿಂದ ಸತ್ತವರು 6 ಲಕ್ಷ. ‘ಹೆಚ್ಚು ಕೊಲ್ಲುವುದನ್ನು ಬಿಟ್ಟಿದ್ದೀರಿ, ಕಡಿಮೆ ಕೊಲ್ಲುವುದಕ್ಕೆ ಜೈಲು’ ಎಂದು ಒಬ್ಬರು ಹೇಳಿದರೆ, ‘ಕಾನೂನುಬದ್ಧವಾಗಿದ್ದರಿಂದಲೇ ಅದು ಇಷ್ಟು ಕೊಲ್ಲುತ್ತಿದೆ’ ಎಂದು ಇನ್ನೊಬ್ಬರು ಹೇಳುತ್ತಾರೆ.

ಕರ್ನಾಟಕದವರಿಗೆ ಇದು ದೂರದ ಮಾತಲ್ಲ. 1981ರಲ್ಲಿ, ಸಾರಾಯಿ ಅಂಗಡಿಗಳು ರಾಜಾರೋಷವಾಗಿ ನಡೆಯುತ್ತಿದ್ದ ಕಾಲದಲ್ಲೇ, ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅನುಮತಿ ಇದ್ದಾಗಲೂ ಸಾವು, ನಿಷೇಧ ಇದ್ದಾಗಲೂ ಸಾವು. ಎರಡು ಸಲವೂ ಸತ್ತವರು ಕೂಲಿಯವರು. ಇನ್ನೊಂದು ಕಡೆ, ಪ್ರತಿ ವರ್ಷದ ಬಜೆಟ್‌ನಲ್ಲಿ ಅಬಕಾರಿ ಆದಾಯಕ್ಕೆ ಗುರಿ ಇಡುವ ಸರ್ಕಾರ ಕುಡಿತ ಕಡಿಮೆಯಾಗಲಿ ಎಂದು ಮನಸಾರೆ ಬಯಸುವುದು ಕಷ್ಟ. ‘ಕಾನೂನುಬದ್ಧವಾದರೆ ತೆರಿಗೆ ಬರುತ್ತದೆ’ ಎಂಬ ವಾದ ಕೇಳಿದಾಗಲೆಲ್ಲ ಇದನ್ನು ನೆನೆಯಬೇಕು. ತೆರಿಗೆ ಬರುತ್ತದೆ, ಅದರೊಂದಿಗೆ ಆ ತೆರಿಗೆಯ ಚಟವೂ ಸರ್ಕಾರಕ್ಕೆ ಅಂಟುತ್ತದೆ.

ತಂಬಾಕಿನ ವಿಷಯದಲ್ಲಿ ಜಗತ್ತು ಬೇರೆ ದಾರಿ ಹಿಡಿದಿದೆ. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಬೀಡಿ ಸೇದುವವನನ್ನು ಹಿಡಿಯಿರಿ ಎನ್ನುವುದಿಲ್ಲ, ತಂಬಾಕು ಮಾರಿ ಎಂದೂ ಹುರಿದುಂಬಿಸುವುದಿಲ್ಲ. ಜಾಹೀರಾತು ನಿಲ್ಲಿಸಿ, ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿ, ತೆರಿಗೆ ಏರಿಸಿ, ಕಂಪನಿಗಳನ್ನು ನೀತಿ ರೂಪಿಸುವ ಮೇಜಿನಿಂದ ದೂರ ಇಡಿ ಎನ್ನುತ್ತದೆ. 180ಕ್ಕೂ ಹೆಚ್ಚು ದೇಶಗಳು ಇದನ್ನು ಒಪ್ಪಿವೆ, ಭಾರತವೂ ಸೇರಿದೆ. ಗಾಂಜಾವನ್ನು ಕಾನೂನಿನೊಳಗೆ ತರಲು ಬಯಸುವ ದೇಶಗಳಿಗೆ ವಿಶ್ವಸಂಸ್ಥೆ ಹಾಕಬೇಕಾದ ಷರತ್ತುಗಳ ಮಾದರಿ ಇಲ್ಲೇ ಸಿದ್ಧವಾಗಿದೆ. ಮದ್ಯಕ್ಕೂ ಇಂಥ ಒಪ್ಪಂದ ಬೇಕಿತ್ತು, ಇನ್ನೂ ಆಗಿಲ್ಲ.

ಹೆರಾಯಿನ್, ಕೊಕೇನ್, ಮೆಥಾಂಫೆಟಮಿನ್‌ಗಳಿಗೆ ಈ ಮಾದರಿಯನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಔಷಧ ಕಂಪನಿಗಳು ವೈದ್ಯರ ಮೂಲಕವೇ ಅಫೀಮು ಮೂಲದ ನೋವಿನ ಮಾತ್ರೆಗಳನ್ನು ತಳ್ಳಿ ಶುರುಮಾಡಿದ ದುರಂತ ಕೊನೆಗೆ ವರ್ಷಕ್ಕೆ ಲಕ್ಷ ಅತಿಸೇವನೆಯ ಸಾವುಗಳ ಮಟ್ಟಕ್ಕೆ ಹೋಯಿತು. ಪರವಾನಗಿ, ವೈದ್ಯರ ಚೀಟಿ ಎಲ್ಲ ಇದ್ದೂ ಹಾಗಾಯಿತು.

ನೀವು ಆರಿಸುವಾಗ

ಭಾರತದ ಪ್ರತಿನಿಧಿಯಾಗಿ ಮಾತಾಡುವವರ ಕೈಯಲ್ಲಿ ಒಳ್ಳೆಯ ಸಾಮಗ್ರಿ ಇದೆ. 1893–94ರ ಭಾರತೀಯ ಗಾಂಜಾ ಆಯೋಗ ದೇಶವಿಡೀ ಸಾಕ್ಷ್ಯ ಸಂಗ್ರಹಿಸಿ, ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯ ಹತೋಟಿ ಇರಲಿ ಎಂದಿತ್ತು. 1961ರ ಒಪ್ಪಂದದ ಗಾಂಜಾ ವ್ಯಾಖ್ಯೆಯಲ್ಲಿ ಹೂತುದಿ ಇಲ್ಲದ ಬರೀ ಎಲೆ ಮತ್ತು ಬೀಜ ಸೇರಿಲ್ಲ. ನಮ್ಮ 1985ರ ಕಾಯ್ದೆಯೂ ಹಾಗೇ. ಹೋಳಿ, ಶಿವರಾತ್ರಿಗೆ ಉತ್ತರ ಭಾರತದಲ್ಲಿ ಭಾಂಗ್ ಸಿಗುವುದು ಇದರಿಂದ. ಎಲೆ ಅರೆದು ಕುಡಿದವನು ಪಾರು, ಅದೇ ಗಿಡದ ಹೂ ಸೇದಿದವನಿಗೆ ಆರು ತಿಂಗಳವರೆಗೆ ಜೈಲು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಗಾಂಜಾ, ಭಾಂಗ್ ಬಳಸಿದವರು ಸುಮಾರು 3.1 ಕೋಟಿ, ಮದ್ಯ ಕುಡಿಯುವವರು 16 ಕೋಟಿ. ಈ 3.1 ಕೋಟಿ ಜನರಲ್ಲಿ ಪೊಲೀಸರ ಕೈಗೆ ಸಿಗುವವರು ಯಾರು ಎಂದು ಯೋಚಿಸಿ. ಹಾಸ್ಟೆಲ್ ಹುಡುಗ, ಆಟೊ ಚಾಲಕ, ಕಟ್ಟಡ ಕೆಲಸದವನು. ಒಂದು ಪ್ರಕರಣ ಬಿದ್ದರೆ ಪಾಸ್‌ಪೋರ್ಟ್, ಸರ್ಕಾರಿ ನೌಕರಿ, ಮದುವೆ ಎಲ್ಲಕ್ಕೂ ಕುತ್ತು. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿನಾಯಿತಿ ಕೊಡುವ 64ಎ ಕಲಂ ಇದೇ ಕಾಯ್ದೆಯಲ್ಲಿದೆ. ಅದು ಇದೆಯೆಂದು ಆ ಹುಡುಗನಿಗೂ ಗೊತ್ತಿರುವುದಿಲ್ಲ, ಅವನ ಅಪ್ಪ ಅಮ್ಮನಿಗೂ ಗೊತ್ತಿರುವುದಿಲ್ಲ.

ನಿಮಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯವಾಗಿರುವುದು ವ್ಯಕ್ತಿಯ ಸ್ವಾತಂತ್ರ್ಯವಾದರೆ ನಾಲ್ಕನೇ ದಾರಿ ಆಕರ್ಷಕವಾಗಿ ಕಾಣಬಹುದು. ಆದರೆ ಸ್ವಾತಂತ್ರ್ಯಕ್ಕೆ ಬೇಕಾದದ್ದು ಶಿಕ್ಷೆ ಇಲ್ಲದಿರುವುದು, ಅದು ಎರಡನೇ ದಾರಿಯಲ್ಲೇ ಸಿಗುತ್ತದೆ. ಕಳ್ಳದಂಧೆಯ ಬೆನ್ನುಮೂಳೆ ಮುರಿಯುವುದು ಮುಖ್ಯವಾದರೆ ಎರಡನೆಯದು ಸಾಲದು. ಸರಕು ಆಗಲೂ ಕಳ್ಳನಿಂದಲೇ ಬರುತ್ತದೆ. ಹಾಗಾಗಿ ಮೂರನೆಯದರ ಪರ ನಿಲ್ಲಿ, ಕೈಯಲ್ಲಿ ಉರುಗ್ವೆಯ ಉದಾಹರಣೆ ಇಟ್ಟುಕೊಳ್ಳಿ. ಮಕ್ಕಳು ಮತ್ತು ಹದಿಹರೆಯದವರ ರಕ್ಷಣೆ ಮುಖ್ಯವಾದರೆ ಮೊದಲನೆಯದರ ಪರ ವಾದಿಸುವ ಹಕ್ಕು ನಿಮಗಿದೆ, ಆದರೆ ಹದಿನೆಂಟು ತುಂಬಿದ ಹುಡುಗನನ್ನು ಪಳಗಿದ ಪೆಡ್ಲರ್‌ಗಳಿರುವ ಜೈಲಿಗೆ ಕಳಿಸಿ ಅವನನ್ನು ಹೇಗೆ ಕಾಪಾಡುತ್ತೀರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

2025ರ ಮಾರ್ಚ್‌ನಲ್ಲಿ ಕೊಲಂಬಿಯಾದ ಮುಂದಾಳತ್ವದಲ್ಲಿ ಬಂದ ನಿರ್ಣಯವನ್ನು ವಿಯೆನ್ನಾದ ಆಯೋಗ ಅಂಗೀಕರಿಸಿತು. ಜಾಗತಿಕ ಮಾದಕವಸ್ತು ನಿಯಂತ್ರಣ ವ್ಯವಸ್ಥೆಯನ್ನು ಸ್ವತಂತ್ರ ತಜ್ಞರ ತಂಡವೊಂದು ಪರಿಶೀಲಿಸಬೇಕು ಎಂಬುದು ಅದರ ಸಾರ. ಅಮೆರಿಕ ವಿರುದ್ಧ ಮತ ಹಾಕಿತು. ಆ ತಂಡದ ಮುಂದೆ ಭಾರತ ಎರಡು ಬೇಡಿಕೆ ಇಡಬೇಕು ಎಂಬುದು ನನ್ನ ಆಸೆ: ಸ್ವಂತ ಬಳಕೆಗೆ ಯಾರನ್ನೂ ಜೈಲಿಗೆ ಹಾಕಬಾರದು ಎಂದು ಒಪ್ಪಂದದಲ್ಲೇ ಸ್ಪಷ್ಟವಾಗಿ ಬರೆಯಲಿ, ಮತ್ತು ಗಾಂಜಾ ಮಾರಾಟಕ್ಕೆ ಅವಕಾಶ ಕೊಡುವ ದೇಶಗಳಿಗೆ ತಂಬಾಕು ಒಪ್ಪಂದಕ್ಕಿಂತ ಸಡಿಲವಲ್ಲದ ಷರತ್ತುಗಳಿರಲಿ. ಇಷ್ಟನ್ನು ಕೇಳುವ ಮೊದಲು ನಮ್ಮ ಮನೆಯಲ್ಲಿ 64ಎ ಕಲಮನ್ನು ಪ್ರತಿ ಪೊಲೀಸ್ ಠಾಣೆಯ ಗೋಡೆಯ ಮೇಲೆ, 14446 ವ್ಯಸನಮುಕ್ತಿ ಸಹಾಯವಾಣಿಯ ಪಕ್ಕದಲ್ಲಿ, ಕನ್ನಡದಲ್ಲಿ ಬರೆಸಲು ಯಾವ ವಿಶ್ವಸಂಸ್ಥೆಯ ಅನುಮತಿಯೂ ಬೇಕಿಲ್ಲ.